ಪ್ರಾಯಶ್ಚಿತ್ತ ಕೊಡುವ ಮೊದಲು

ಜಾಲರಿಯಾಚೆಯಿಂದ ಹುಳಿ ಬಂದ ಹಿಟ್ಟಿನ ವಾಸನೆ, ಬೇಕರಿಯವಳೇ, ಇಷ್ಟು ಬೆಳಿಗ್ಗೆ ಪಾಪನಿವೇದನೆಗೆ ಇನ್ಯಾರು ಬರುತ್ತಾರೆ, ಹನ್ನೊಂದು ವರ್ಷದಿಂದ ಅಣ್ಣನ ಜೊತೆ ಮಾತಿಲ್ಲ ಫಾದರ್, ನಾಳೆ ಅವನಿಗೆ ಹೃದಯದ ಆಪರೇಷನ್ನಂತೆ, ಹೋಗ್ಲೇಬೇಕಾ ನಾನು — ಅಪ್ಪಣೆ ಕೇಳುತ್ತಿದ್ದಾಳೆ, ಕೊಟ್ಟರೆ ಮುಗಿಯಿತು, ಹೋಗಿ ಕ್ಷಮಿಸು, ಅದೇ ನಿನ್ನ ಪ್ರಾಯಶ್ಚಿತ್ತ ಎಂದರೆ ತಲೆ ತಗ್ಗಿಸಿ ಹೋಗುತ್ತಾಳೆ, ಹಿಂದೊಮ್ಮೆ ಒಬ್ಬ ಬಡಗಿಯೂ ಹೀಗೇ ಹೋಗಿದ್ದ, ಅವನಿಗೂ ಇಲ್ಲೇ ಕೂತು ಹೇಳಿದ್ದೆ, ಸಾಯುತ್ತಿರುವ ಅಪ್ಪನನ್ನು ಕ್ಷಮಿಸಿ ಬಾ ಎಂದು, ಮಾರನೆಯ ದಿನ ನಾನು ಮುದುಕನಿಗೆ ಪರಮಪ್ರಸಾದ ಕೊಟ್ಟು ಮಂಚದ ಪಕ್ಕ ಕೂತಿದ್ದಾಗ ಬಂದ, ಕೆಲಸದ ನಡುವೆ ಎದ್ದು ಬಂದವನು, ಕಿವಿಯ ಮೇಲೆ ಚಪ್ಪಟೆ ಪೆನ್ಸಿಲ್ ಹಾಗೇ ಇತ್ತು, ಕ್ಷಮಿಸಿದ್ದೀನಿ ಅಪ್ಪ, ಫಾದರ್ ಹೇಳಿದ್ರು, ಅಂದ, ಆಯ್ತಾ ಅನ್ನುವ ಹಾಗೆ ನನ್ನ ಮುಖ ನೋಡಿದ, ಹೊರಟ. ಮುದುಕ ಗೋಡೆ ಕಡೆ ತಿರುಗಿ ಮಲಗಿದ.

ಸೆಮಿನರಿಯಲ್ಲಿ ನೀತಿಶಾಸ್ತ್ರದ ಮೇಷ್ಟ್ರು, ನಶ್ಯ ಏರಿಸಿಕೊಂಡು ಅಂದಿದ್ದರು, ದೇವರೇ ಮನವೊಲಿಸ್ತಾನೆ ಕಣ್ರೋ, ಕತ್ತು ಹಿಡಿದು ದಬ್ಬಲ್ಲ, ನೀವ್ಯಾವ ದೊಡ್ಡ ಮನುಷ್ಯರು — ನಕ್ಕಿದ್ದೆವು, ಆದರೆ ಒಲಿಸುವುದು ಎಲ್ಲಿ ಮುಗಿದು ದಬ್ಬುವುದು ಎಲ್ಲಿ ಶುರು, ಕೇಳುವಷ್ಟರಲ್ಲಿ ಗಂಟೆ ಹೊಡೆದಿತ್ತು, ಇವತ್ತಿಗೂ ಗೊತ್ತಿಲ್ಲ, ಭಾನುವಾರದ ಪ್ರವಚನದಲ್ಲಿ ನಾನು ದನಿ ಸ್ವಲ್ಪ ತಗ್ಗಿಸಿದರೆ ಸಾಕು ಮುಂದಿನ ಬೆಂಚಿನವರ ಕಣ್ಣು ಒದ್ದೆ, ಅದೂ ದಬ್ಬುವುದೇ ಇರಬಹುದು, ಹಾಗಂತ ಸುಮ್ಮನಿದ್ದರೆ, ಇವಳು ಹೋಗದೆ ಇದ್ದು ನಾಳೆ ಆ ಅಣ್ಣ ಆಪರೇಷನ್ ಮೇಜಿನ ಮೇಲಿಂದ ಏಳದಿದ್ದರೆ, ಆಗ ಪ್ರಾಯಶ್ಚಿತ್ತ ಯಾರಿಗೆ — ಫಾದರ್, ಇದ್ದೀರಾ? ಇದ್ದೀನಮ್ಮ, ಚಿಕ್ಕವನಿದ್ದಾಗ ನಿಮ್ಮಣ್ಣ ಹೇಗಿದ್ದ? ಇದೇಕೆ ಕೇಳಿದೆನೋ, ನಿಜಕ್ಕೂ ತಿಳಿಯಬೇಕೆನಿಸಿತು, ಅಷ್ಟೇ. ಮೂಗು ಎಳೆದುಕೊಂಡಳು. ಬ್ರೆಡ್ಡಿನ ಅಂಚು ಮಾತ್ರ ತಿಂತಿದ್ದ, ಮಧ್ಯದ್ದೆಲ್ಲ ನನಗೆ ಎಸೀತಿದ್ದ, ಕತ್ತೆ. ಹೋಗು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇದೆ, ಕಚ್ಚಿ ಹಿಡಿದೆ, ಪರಲೋಕದಲ್ಲಿರುವ ನಮ್ಮ ತಂದೆಯೇ, ಆ ಮಂತ್ರ ಒಂದ್ಸಲ ಹೇಳ್ಕೊಳ್ಳಮ್ಮ, ಅದೇ ಪ್ರಾಯಶ್ಚಿತ್ತ. ಅಷ್ಟೇನಾ? ಅಷ್ಟೇ. ಮಂಡಿಯೂರಿದ್ದವಳು ಎದ್ದ ಸದ್ದು, ಹೋಗಲಿಲ್ಲ, ನಿಂತಳು, ಆಸ್ಪತ್ರೆಯೊಳಗೆ ಹೊರಗಿನ ಬ್ರೆಡ್ ಬಿಡ್ತಾರಾ ಫಾದರ್? ಬಿಡ್ತಾರಮ್ಮ, ಸಂಜೆ ನಾಲ್ಕರ ಮೇಲೆ, ಹೆಜ್ಜೆ ದೂರವಾಯಿತು, ಬೇಗ ಬೇಗ, ನಾನೇನು ಹೇಳಿದೆ, ಏನೂ ಹೇಳಲಿಲ್ಲವಲ್ಲ, ಬಡಗಿಗೂ ಇಷ್ಟೇ ಕೇಳಬಹುದಿತ್ತು, ನಿಮ್ಮಪ್ಪ ಹೇಗಿದ್ದ ಎಂದು, ಕೇಳಿದ್ದರೆ ಆ ಕೋಣೆಯ ಬಾಗಿಲಲ್ಲಾದರೂ ಅವನ ಕೈ ಕಿವಿಯ ಕಡೆ ಹೋಗುತ್ತಿತ್ತೇನೋ, ಪೆನ್ಸಿಲ್ ತೆಗೆದಿಟ್ಟು ಅಪ್ಪನ ಪಕ್ಕ ಕೂರುತ್ತಿದ್ದನೇನೋ, ಆ ಪೆನ್ಸಿಲ್, ಕಿವಿಯ ಮೇಲೆ ಹಾಗೇ, ಚಪ್ಪಟೆ ಪೆನ್ಸಿಲ್