ಸುಣ್ಣದ ಕೆಳಗಿನ ಅಂಗೈ

ಮಂಗಳಮ್ಮನ ಮನೆ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಹಳದಿ ಅಂಗೈ ಗುರುತಿತ್ತು. ಮಂಗಳಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಊರಿರುವುದು ನಂಜನಗೂಡಿಗೂ ಸುತ್ತೂರಿಗೂ ನಡುವೆ, ಕಪಿಲಾ ಹೊಳೆ ಬಳಸಿಕೊಂಡು ಹೋಗುವ ಕಡೆ. ಮೇಲೆ ಅಣೆಕಟ್ಟೆಯ ಬಾಗಿಲು ತೆಗೆದರೆ ಸಾಕು, ಹೊಳೆ ಊರೊಳಕ್ಕೇ ಬಂದು ಯಾರ ಮನೆಯಲ್ಲಿ ಏನು ಸಾರು ಅಂತ ವಿಚಾರಿಸಿಕೊಂಡು ಹೋಗುತ್ತದೆ. ಅದಕ್ಕೇ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಗೌತಮಿ ಬೇಸಿಗೆಯಲ್ಲೇ ಮನೆಮನೆಗೆ ಬಂದಿದ್ದಳು. ಪೋಲಿಯೊ ಆಗಿ ಅವಳ ಒಂದು ಕಾಲು ಸಣ್ಣ. ಹಿಂದೆ ಎರಡು ಚಕ್ರ ಕೂರಿಸಿದ ಸ್ಕೂಟರಿನಲ್ಲಿ ಊರೆಲ್ಲ ಸುತ್ತುತ್ತಾಳೆ. ಸ್ಕೂಟರಿಗಿಂತ ಅವಳ ಬಾಯಿಯದೇ ಸದ್ದು ಜಾಸ್ತಿ.

"ದೋಣಿಯೋರು ಒರಗಿಂದ ಬತ್ತಾರೆ ಮಂಗಳಕ್ಕ. ಯಾವ ಮನೇಲಿ ಯಾರವ್ರೆ ಅಂತ ಅವ್ರಿಗೇನ್ ಗೊತ್ತು? ಈ ಅಂಗೈ ಇದ್ರೆ, ಈ ಮನೇಲಿ ಕೂಗಿದ್ರೆ ಕೇಳಾಕಿಲ್ಲ, ಬೀಗ ಇದ್ರೂ ಒಡ್ದು ಒಳೀಕೋಗಿ ಅಂತ ಅರ್ಥ. ಅವ್ರಿಗೆಲ್ಲಾ ಏಳಿರ್ತೀವಿ" ಅಂದಳು.

ಕೂಗಿದರೆ ಕೇಳದಿದ್ದದ್ದು ಪುಟ್ಟಬಸಮ್ಮನಿಗೆ. ಮಂಗಳಮ್ಮನ ಗಂಡ ಚಂದ್ರಶೇಖರ್ ಅವರ ತಂಗಿ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ಮದುವೆ ಆಗಲಿಲ್ಲ, ಅಣ್ಣನ ಮನೆಯಲ್ಲೇ ಉಳಿದಳು. ಅಡುಗೆಮನೆ ಅವಳದೇ ರಾಜ್ಯ. ಮಂಗಳಮ್ಮನ ಮಗಳು ಅರ್ಪಿತಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅವಳೊಂದಿಗೆ ಮಾತಾಡಲು ಆ ಮನೆಗೆ ತನ್ನದೇ ಆದ ಸನ್ನೆಗಳಿದ್ದವು. ಅವೆಲ್ಲ ಚೆನ್ನಾಗಿ ಗೊತ್ತಿದ್ದದ್ದು ದಿನವಿಡೀ ಜೊತೆಗಿರುತ್ತಿದ್ದ ಮಂಗಳಮ್ಮನಿಗೆ.

ಗೌತಮಿ ಬ್ರಷ್ಷು ತೆಗೆಯಲಿಲ್ಲ. ಪುಟ್ಟಬಸಮ್ಮನ ಅಂಗೈಯನ್ನೇ ಹಳದಿ ಬಣ್ಣದಲ್ಲಿ ಅದ್ದಿ ಗೋಡೆಗೆ ಒತ್ತಿಸಿದಳು. ಅಬ್ಬಬ್ಬಾ, ಆಗ ಪುಟ್ಟಬಸಮ್ಮನ ಮುಖ ನೋಡಬೇಕಿತ್ತು! ಐವತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಬಹುಮಾನ ಗೆದ್ದ ಮಗುವಿನ ಹಾಗೆ ಬೀದಿಯವರಿಗೆಲ್ಲ ಕೈ ತೋರಿಸಿಕೊಂಡು ಬಂದಳು. ಅವತ್ತಿನಿಂದ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವಾಗ ಆ ಅಂಗೈಗೂ ಒಂದು ಬೊಟ್ಟು ಇಡುತ್ತಿದ್ದಳು.

ಅಣಕು ಅಭ್ಯಾಸವೂ ಒಂದು ದಿನ ನಡೆಯಿತು. ಗೌತಮಿ ಹಳದಿ ಬಾವುಟ ಬೀಸಿ, ಎರಡೂ ಅಂಗೈಯನ್ನು ಮೊಣಕಾಲಿನಿಂದ ಕತ್ತಿನವರೆಗೆ ಏರಿಸಿ ತೋರಿಸಿದರೆ ನೀರು ಬಂತು, ಸ್ಕೂಲಿಗೆ ನಡೆಯಿರಿ ಅಂತ. ಎಲ್ಲರಿಗಿಂತ ಮೊದಲು ಸ್ಕೂಲು ಮುಟ್ಟಿದವಳು ಪುಟ್ಟಬಸಮ್ಮ. ತಡವಾಗಿ ಬಂದವರಿಗೆಲ್ಲ ಅದೇ ಸನ್ನೆ ಮಾಡಿ ಮಾಡಿ ಬೈದಳು.

ಆಮೇಲೆ ಮೂಗೂರಿನ ಸಂಬಂಧ ಬಂತು. ಹುಡುಗ ಬಸವಪ್ರಸಾದ್, ನರಸೀಪುರದಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ನೀರಾವರಿ ಗದ್ದೆ. ಮೈಸೂರಿನ ಶಾಲೆಯಲ್ಲಿ ಟೀಚರಾಗಿದ್ದ ಅರ್ಪಿತಳಿಗೂ ಹುಡುಗ ಒಪ್ಪಿಗೆ. ಹಿಂದೊಂದು ಸಂಬಂಧ ಕೈತಪ್ಪಿ ಹೋಗಿತ್ತು. 'ಮನೇಲಿ ಮೂಕಿ ಅವಳಂತೆ, ನಾಳೆ ಮಕ್ಕಳಿಗೂ ಬಂದ್ರೆ?' ಅಂದಿದ್ದರಂತೆ. ಆ ಮಾತು ಮಂಗಳಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹುಡುಗನ ಕಡೆಯವರು ಬರುವ ಹಿಂದಿನ ದಿನ ಅವಳು ಸುಣ್ಣ ಕಲಸಿಕೊಂಡು ಬಾಗಿಲಿಗೆ ಬಂದಳು.

ಒಂದು ಸಲ ಬಳಿದರೆ ಹಳದಿ ಇಣುಕಿತು. ಇನ್ನೊಂದು ಸಲ ಬಳಿದಳು. ಪುಟ್ಟಬಸಮ್ಮ ಹಿಂದೆ ಬಂದು ನಿಂತು, ತನ್ನ ಅಂಗೈ ಎತ್ತಿ ಹಿಡಿದು, ಯಾಕೆ ಅಂತ ಹುಬ್ಬು ಹಾರಿಸಿದಳು. ನೆಂಟರು ಬರ್ತಾರೆ, ಗೋಡೆ ಗಲೀಜಾಗಿದೆ ಅಂತ ಮಂಗಳಮ್ಮ ಸನ್ನೆ ಮಾಡಿದಳು. ಆ ಪುಣ್ಯಾತ್ಗಿತ್ತಿ ಅದನ್ನೂ ನಂಬಿದಳು. ನೆಲಕ್ಕೆ ಬಿದ್ದ ಸುಣ್ಣದ ಹನಿಯನ್ನು ತಾನೇ ಬಟ್ಟೆ ತಂದು ಒರೆಸಿದಳು. ಮಂಗಳಮ್ಮ ಒಮ್ಮೆ ತಿರುಗಿ ನೋಡಿದಳು. ನೋಡಿದರೇನು ಬಂತು, ಬ್ರಷ್ಷು ನಿಲ್ಲಲಿಲ್ಲ.

ಮರುದಿನ ಇನ್ನೊಂದು ಪಾಠ. ತುಟಿಯ ಮೇಲೆ ಬೆರಳು, ಆಮೇಲೆ ಅಂಗೈಯಿಂದ ಒಳಕ್ಕೆ ತಳ್ಳುವ ಸನ್ನೆ: ಹೊಸಬರು ಬಂದರೆ ಕಾಣಿಸಿಕೊಳ್ಳಬೇಡ, ಒಳಗೇ ಇರು. ಪುಟ್ಟಬಸಮ್ಮ ಬೆಳಗಿನ ಜಾವ ಎದ್ದು ತಟ್ಟಿದ ಒಬ್ಬಟ್ಟನ್ನು ಹುಡುಗನ ತಾಯಿ ಬಾಯಿ ತುಂಬ ಹೊಗಳಿದರೆ, ಮಂಗಳಮ್ಮ "ಎಲ್ಲಾ ನಮ್ಮ ಅರ್ಪಿತನೇ ಮಾಡಿದ್ದು" ಅಂದುಬಿಟ್ಟಳು. ಅರ್ಪಿತ ತಲೆ ತಗ್ಗಿಸಿದಳು; ಬಂದವರು ನಾಚಿಕೆ ಅಂದುಕೊಂಡರು. ಅದು ನಾಚಿಕೆಯೇ, ಆದರೆ ಅವರು ಅಂದುಕೊಂಡ ನಾಚಿಕೆಯಲ್ಲ. ಪುಟ್ಟಬಸಮ್ಮ ಮಾತ್ರ ಉಗ್ರಾಣದಲ್ಲಿ ಭತ್ತದ ಮೂಟೆಗಳ ನಡುವೆ ಕೂತು ಬಾಗಿಲ ಸಂದಿಯಿಂದ ಹುಡುಗನನ್ನು ಕಣ್ತುಂಬ ನೋಡಿದಳು. ಅವರು ಹೋದದ್ದೇ ತಡ, ಓಡಿ ಬಂದು ಎರಡು ಬೆರಳನ್ನು ಕತ್ತಿನ ಸುತ್ತ ತಾಳಿಯ ಹಾಗೆ ಎಳೆದು, ಆಯ್ತಾ ಅಂತ ಕೇಳಿದಳು. ಇನ್ನೂ ಇಲ್ಲ ಅಂತ ಮಂಗಳಮ್ಮ ತಲೆಯಾಡಿಸಿದಳು.

ಶ್ರಾವಣ ಹುಟ್ಟಿದ ಮೇಲೆ ಗಂಡಿನ ಮನೆ ನೋಡುವ ಶಾಸ್ತ್ರ ಅಂತಾಯಿತು. ಅರ್ಪಿತ ಮೈಸೂರಿನಲ್ಲಿದ್ದಳು; ಹೊರಟದ್ದು ಗಂಡ ಹೆಂಡತಿ ಇಬ್ಬರೇ. ಹೊರಡುವ ಬೆಳಿಗ್ಗೆ ಹೊಳೆ ಕೆಂಪಗೆ ತುಂಬಿಕೊಂಡು ಹೋಗುತ್ತಿತ್ತು. ಚಂದ್ರಶೇಖರ್ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅನುಮಾನ ಮಾಡಿದರು.

"ಇವಳನ್ನ ಸ್ಕೂಲ್ ತಾವ ಬುಟ್ಟೋಗಾಣ್ವಾ?"

"ಸ್ಕೂಲ್ ತಾವ ಕೂತಿದ್ರೆ ಊರೋರೆಲ್ಲಾ ಯಾಕೆ, ಎಲ್ಲಿಗೋದ್ರು ಅಂತಾರೆ. ಮೂಗೂರಿಗೆ ಇವಳ ಸುದ್ದಿ ಓಗೋಕೆ ಎಷ್ಟೊತ್ತು? ಸಂಜೆಗೆ ಬಂದ್ಬುಡ್ತೀವಿ, ನಡೀರಿ. ಓದ್ ಸಲವೂ ನೀರು ಮೆಟ್ಲು ತಾವ್ಲೇ ನಿಂತ್ಕೊಂತು."

"ನಿನ್ನಿಷ್ಟ" ಅಂದರು ಅವರು. ಆ ಮನೆಯಲ್ಲಿ ಅವರ ಇಷ್ಟ ಏನು ಅಂತ ಯಾರೂ ಕಂಡವರಿಲ್ಲ.

ಪುಟ್ಟಬಸಮ್ಮನಿಗೆ ಯಾರು ಬಂದರೂ ಗೊತ್ತಾಗದೆಂದು ಅವಳೊಬ್ಬಳನ್ನೇ ಬಿಟ್ಟು ಹೋಗುವಾಗ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದು ವಾಡಿಕೆ. ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಹಿತ್ತಿಲು ಇಳಿಯುವುದು ಹೊಳೆಗೆ.

ಮೂಗೂರಿನ ಮನೆ ಮನಸ್ಸಿಗೆ ಬಂತು. ಗಂಡಸರು ಗದ್ದೆ ನೋಡಲು ಹೋದರು. ಮಂಗಳಮ್ಮ ಹುಡುಗನ ತಾಯಿಯ ಪಕ್ಕ ಮಂಡಿಗೆ ಮಂಡಿ ತಾಗುವಂತೆ ಚಾಪೆಯ ಮೇಲೆ ಕೂತು ಕೇಸರಿಬಾತು ತಿನ್ನುವಾಗ ಫೋನು ಬಂತು. ಗೌತಮಿ.

"ಮಂಗಳಕ್ಕ, ನೀರು ಒಂದೇ ಸಲ ನುಗ್ಬುಡ್ತು, ಎಲ್ಲಾರ್ನೂ ಸ್ಕೂಲಿಗೆ ಸಾಗಿಸ್ತಾ ಇವ್ರೆ. ನಿಮ್ಮನೆ ಬೀಗ ಆಕೈತಂತೆ. ಪುಟ್ಟಬಸಮ್ಮೋರು ಇಲ್ಲೆಲ್ಲೂ ಕಾಣ್ತಿಲ್ಲ, ನಿಮ್ ಜೊತೇಲಿ ಬಂದವ್ರಾ?"

ಹುಡುಗನ ತಾಯಿ ತಿನ್ನುವುದನ್ನು ನಿಲ್ಲಿಸಿ ಇವಳ ಮುಖವನ್ನೇ ನೋಡುತ್ತಿದ್ದರು.

"ಊಂ" ಅಂದಳು ಮಂಗಳಮ್ಮ. "ಜೊತೇಲೇ ಅವ್ಳೆ."

"ಸದ್ಯ, ನಂಜುಂಡಪ್ಪ ಕಾಪಾಡ್ದ" ಅಂತ ಗೌತಮಿ ಫೋನಿಟ್ಟಳು.

"ಊರಲ್ಲಿ ನೀರಂತಾ?" ಹುಡುಗನ ತಾಯಿ ಕೇಳಿದರು. "ಮನೇಲಿ ಯಾರೂ ಇಲ್ವಲ್ಲ ಸದ್ಯ, ಸಾಮಾನು ಓದ್ರೋಗ್ಲಿ ಬುಡಿ."

"ಊಂ, ಯಾರೂ ಇಲ್ಲ."

ಎರಡು ಸಲ ಹೇಳಿದಳಲ್ಲ, ಆ ನಾಲಿಗೆಗೆ ಏನನ್ನೋಣ! ಬಾಯಲ್ಲಿದ್ದ ಕೇಸರಿಬಾತು ಒಳಗೂ ಇಳಿಯದು, ಹೊರಗೂ ಉಗುಳಲಾಗದು. ಹೊರಗೆ ಹೋಗಿ ಗುಟ್ಟಾಗಿ ಫೋನು ಮಾಡಲೇ ಅಂದುಕೊಂಡಳು; ಎದ್ದರೆ ಯಾಕೆ ಅಂತ ಕೇಳುತ್ತಾರೆ. ನೀರು ಮೆಟ್ಟಿಲ ಹತ್ತಿರವೇ ನಿಲ್ಲುತ್ತದೆ ಅಂತ ತನಗೆ ತಾನೇ ಹೇಳಿಕೊಂಡಳು. ಇನ್ನೊಂದು ಚಮಚ ಹಾಕಿಸಿಕೊಂಡಳು ಕೂಡ.

ಅಷ್ಟರಲ್ಲಿ ಗದ್ದೆಯಿಂದ ಗಂಡಸರು ಬಂದರು. ಬಸವಪ್ರಸಾದ್ ಮೊಬೈಲು ಹಿಡಿದುಕೊಂಡು ನೇರ ಇವಳ ಹತ್ತಿರ ಬಂದ. "ಅತ್ತೆ, ವಾಟ್ಸಾಪಲ್ಲಿ ವಿಡಿಯೋ ಬಂದೈತೆ, ಇದು ನಿಮ್ ಬೀದೀನೇ ಅಲ್ವಾ?"

ಅವಳ ಬೀದಿಯೇ. ಅವಳ ಮನೆಯೇ. ಕೆಂಪು ನೀರು ಕಿಟಕಿಯ ಕೆಳಗಂಚಿಗೆ ಬಂದಿತ್ತು. ಕಿತ್ತಳೆ ಬಣ್ಣದ ಜಾಕೆಟ್ಟಿನ ಮೂವರು ದೋಣಿಯಲ್ಲಿ ಬಂದು ಸೀಟಿ ಊದಿದರು, "ಯಾರಾದ್ರೂ ಇದ್ದೀರಾ?" ಅಂತ ಕೂಗಿದರು. ಒಬ್ಬ ಬೀಗ ಮುಟ್ಟಿ ನೋಡಿದ, ಇನ್ನೊಬ್ಬ ಬಾಗಿಲ ಎಡಬಲ ಕಣ್ಣಾಡಿಸಿದ. ಅವನು ಏನು ಹುಡುಕುತ್ತಿದ್ದಾನೆ ಅಂತ ಮಂಗಳಮ್ಮನಿಗೆ ಗೊತ್ತಿತ್ತು. ಗೋಡೆ ಬೆಳ್ಳಗೆ, ಶುಭ್ರವಾಗಿತ್ತು. ದೋಣಿ ಮುಂದಕ್ಕೆ ಹೋಯಿತು.

ಮಂಗಳಮ್ಮ ತಟ್ಟೆ ಬಿಟ್ಟು ಎದ್ದಳು. ಗೌತಮಿಗೆ ಫೋನು ಹಚ್ಚಿದಳು. ಹೋಗಲಿಲ್ಲ. ಮತ್ತೆ ಹಚ್ಚಿದಳು. ಮೂರನೆಯ ಸಲ ಹತ್ತಿತು. ಆ ಕಡೆ ಬರೀ ಗದ್ದಲ, ಗೌತಮಿಗೆ ಕೇಳಿಸುತ್ತಲೇ ಇಲ್ಲ. ಕೂಗಬೇಕಾಯಿತು. ಮುಚ್ಚಿಟ್ಟದ್ದನ್ನೆಲ್ಲ ಗಂಡಿನ ಮನೆಯ ನಡುಮನೆಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದಳು.

"ಬೀಗ ಒಡೀರೇ ಗೌತಮಿ! ಒಳಗವ್ಳೆ! ಪುಟ್ಟಬಸಮ್ಮ ಒಳಗೇ ಅವ್ಳೆ! ನಾನ್ ಸುಳ್ಳೇಳ್ದೆ ಕಣೇ! ಅವಳಿಗೆ ಕಿವಿ ಕೇಳಾಕಿಲ್ಲ ಅಂತ ಏಳಿ ಅವ್ರಿಗೆ! ಸುಣ್ಣದ ಕೆಳಗೈತೆ ಅಂಗೈ!"

"ಅಯ್ಯೋ" ಅಂದಳು ಗೌತಮಿ. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಫೋನು ಕಟ್ಟಾಯಿತು.

ಮಂಗಳಮ್ಮ ತಲೆ ಎತ್ತದೆ, "ನನ್ನ ನಾದಿನಿ. ಉಟ್ದಾಗ್ಲಿಂದ ಮೂಕಿ. ಅವತ್ತು ಉಗ್ರಾಣದಲ್ಲಿ ಕೂರ್ಸಿದ್ದೆ" ಅಂದಳು. ಹುಡುಗನ ತಾಯಿ ಎದ್ದು ನಿಂತರು. "ಕಾರ್ ತಗಿಯೋ ಪ್ರಸಾದ" ಅಂದು ಒಳಗಿನಿಂದ ಒಂದು ಕಂಬಳಿ ತಂದುಕೊಂಡು ತಾವೂ ಹತ್ತಿದರು.

ನರಸೀಪುರದ ಸೇತುವೆಯ ಹತ್ತಿರ ಜನ ಹೊಳೆ ನೋಡುತ್ತಾ ಜಾತ್ರೆಯ ಹಾಗೆ ನಿಂತಿದ್ದರು. ಆ ನೀರು ತಮ್ಮ ಹಿತ್ತಿಲ ಮೇಲಿಂದಲೇ ಬಂದದ್ದು ಅಂತ ಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚಂದ್ರಶೇಖರ್ ಒಂದೇ ಒಂದು ಮಾತು ಕೇಳಿದರು. "ಫೋನ್ ಬಂದಾಗ ಏನಂದೆ?" "ಜೊತೇಲವ್ಳೆ ಅಂದೆ." ಅವರು ಕಿಟಕಿಯ ಕಡೆ ತಿರುಗಿದರು. ಬಾಯಿ ಬಿಡಬೇಕಿದ್ದದ್ದು ಬೆಳಿಗ್ಗೆಯೇ ಅಂತ ಅವರಿಗೂ ಗೊತ್ತಿತ್ತು.

ಸ್ಕೂಲಿನ ವರಾಂಡದಲ್ಲಿ ಪುಟ್ಟಬಸಮ್ಮ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಎದೆವರೆಗೂ ಒದ್ದೆ, ಮೈಯೆಲ್ಲ ನಡುಕ. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಅರ್ಪಿತಳ ನಿಶ್ಚಿತಾರ್ಥಕ್ಕೆ ತಂದಿಟ್ಟ ರೇಷ್ಮೆ ಸೀರೆ, ಒಂದು ಹನಿ ತಾಗದ ಹಾಗೆ. ಬದುಕಿದ್ದಾಳೆ. ಶಿವನೇ, ಬದುಕಿದ್ದಾಳೆ!

ಗೌತಮಿಯ ಬಟ್ಟೆಯೂ ತೊಪ್ಪೆಯಾಗಿತ್ತು. "ಬೀಗ ಒಡ್ದು ಒಳೀಕೋದ್ರೆ ಅಟ್ಟದ ಮ್ಯಾಲೆ ಕೂತವ್ರೆ ಮಂಗಳಕ್ಕ. ದೋಣಿಯೋರು ಕರೆದ್ರೆ ಇನ್ನೂ ಮೂಲೆಗೆ ಸರೀತಾರೆ. ಕಡೀಕೆ ನನ್ನೇ ದೋಣೀಲಿ ಎತ್ಕೊಂಡೋದ್ರು. ನಾನು ನೀರಿನ ಸನ್ನೆ ಮಾಡಿದ್ ಮ್ಯಾಲೇ ಇಳ್ದದ್ದು. ಅಭ್ಯಾಸದ ದಿನ ಎಲ್ಲಾರ್ಗಿಂತ ಮುಂದೆ ಓಡ್ದೋರು ಇವತ್ಯಾಕೆ ಅವಿತ್ಕೊಂಡ್ರು? ಏನೋ ಏಳ್ತಾನೇ ಅವ್ರೆ, ನಿಮ್ಮನೆ ಸನ್ನೆ ನಂಗೆ ತಿಳೀತಿಲ್ಲ. ಏನಂತಾರೆ ಕೇಳಿ."

ಮಂಗಳಮ್ಮನನ್ನು ಕಂಡದ್ದೇ ಪುಟ್ಟಬಸಮ್ಮ ಟೀ ಲೋಟ ಕೆಳಗಿಟ್ಟು ಕೈ ಆಡಿಸತೊಡಗಿದಳು. ಸುತ್ತಲೂ ಊರವರು, ಪಕ್ಕದಲ್ಲಿ ಹುಡುಗ, ಹುಡುಗನ ತಾಯಿ. ಆ ಸನ್ನೆ ಪೂರ್ತಿ ತಿಳಿದವಳು ಮಂಗಳಮ್ಮ ಒಬ್ಬಳೇ. ಗೌತಮಿ ಅವಳ ಬಾಯನ್ನೇ ನೋಡುತ್ತಿದ್ದಳು.

"ಕಿತ್ತಳೆ ಬಟ್ಟೆಯೋರು ಬಂದ್ರು ಅಂತಾಳೆ" ಅಂದಳು ಮಂಗಳಮ್ಮ. "ಕಿಟಕೀಲಿ ನೋಡ್ದೆ, ಒಸಬ್ರು ಅಂತಾಳೆ." ಪುಟ್ಟಬಸಮ್ಮ ತುಟಿಯ ಮೇಲೆ ಬೆರಳಿಟ್ಟು, ಅಂಗೈಯಿಂದ ಒಳಕ್ಕೆ ತಳ್ಳಿ ತೋರಿಸಿ, ಎದೆ ತಟ್ಟಿಕೊಂಡು ನಕ್ಕಳು.

"ಏನದು?" ಗೌತಮಿ ಕೇಳಿದಳು.

"ನೀನ್ ಏಳ್ದಂಗೇ ಮಾಡ್ದೆ ಅಂತಾಳೆ. ಒಸಬ್ರಿಗೆ ಕಾಣಿಸ್ಕೋಬ್ಯಾಡ ಅಂದಿದ್ಯಲ್ಲ, ನೀರು ಬಂದ್ರೂ ಕಾಣಿಸ್ಕೊಳ್ಳಿಲ್ಲ ಅಂತಾಳೆ. ನಾನೇ ಕಲ್ಸಿದ್ದು ಗೌತಮಿ. ನಾನೇ."

ಪುಟ್ಟಬಸಮ್ಮ ಆಮೇಲೆ ಹುಡುಗನನ್ನು ನೋಡಿದಳು, ಅವನ ತಾಯಿಯನ್ನು ನೋಡಿದಳು. ಗುರುತು ಸಿಕ್ಕಿ ಕಣ್ಣರಳಿತು. ಎರಡು ಬೆರಳನ್ನು ಕತ್ತಿನ ಸುತ್ತ ಎಳೆದು ಹುಬ್ಬು ಹಾರಿಸಿದಳು.

"ಇದು?" ಅಂದರು ಹುಡುಗನ ತಾಯಿ.

"ಮದ್ವೆ ಗೊತ್ತಾಯ್ತಾ ಅಂತ ಕೇಳ್ತಾವ್ಳೆ."

ಹುಡುಗನ ತಾಯಿ ಕಂಬಳಿ ಬಿಡಿಸಿ ಪುಟ್ಟಬಸಮ್ಮನಿಗೆ ಹೊದಿಸಿದರು. ಮಂಗಳಮ್ಮನಿಗೆ ತಡೆಯಲಾಗಲಿಲ್ಲ. ತಪ್ಪಾಯ್ತು ಅನ್ನುವುದಕ್ಕೆ ಆ ಮನೆಯಲ್ಲಿ ಒಂದು ಸನ್ನೆ ಇರಲಿಲ್ಲ. ಪುಟ್ಟಬಸಮ್ಮನಿಗೆ ಯಾರೂ ಯಾವತ್ತೂ ಹಾಗೆ ಹೇಳಿದ್ದೇ ಇಲ್ಲ. ನೆಲದ ಮೇಲೆ ಮಂಡಿಯೂರಿದವಳು ದೇವರ ಮುಂದೆ ಮಾಡುವ ಹಾಗೆ ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡಳು.

ಪುಟ್ಟಬಸಮ್ಮನ ಮುಖ ಬೆಳಗಿತು. ಮದುವೆ ಗೊತ್ತಾಯಿತು, ಅತ್ತಿಗೆ ದೇವರಿಗೆ ಕೈ ಮುಗಿಯುತ್ತಿದ್ದಾಳೆ ಅಂದುಕೊಂಡಳು. ಕಂಬಳಿಯೊಳಗಿಂದ ಕೈ ತೆಗೆದು, ನಂಜನಗೂಡಿನ ದೇವಸ್ಥಾನದ ಕಡೆ ತಿರುಗಿ, ತಾನೂ ಕೆನ್ನೆ ಬಡಿದುಕೊಂಡಳು.