ಫಿಂಟನ್ನನ ಜೇಬಿನ ಮಿಠಾಯಿ

ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ಬಂದವಳೇ ಡೀಲಿಯಾ ಮನೆಯಲ್ಲಿದ್ದ ಸಿಹಿಯನ್ನೆಲ್ಲ ಹೊರಗೆ ಹಾಕಿದಳು. ಸಕ್ಕರೆ ಡಬ್ಬಿ, ಜಾಮ್, ಬಿಸ್ಕತ್ತು ಎಲ್ಲವೂ ಪಕ್ಕದ ಮನೆ ಸೇರಿದವು. ಮೇಯೋ ಕಡಲತೀರದ ಆ ಊರಿನಲ್ಲಿ ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗಿನ ತಪಸ್ಸುಕಾಲಕ್ಕೆ ಒಬ್ಬೊಬ್ಬರು ಒಂದೊಂದನ್ನು ಬಿಡುತ್ತಾರೆ. ಗಂಡಸರು ಬಿಯರ್ ಬಿಟ್ಟು, ಬಿಟ್ಟೆನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಡೀಲಿಯಾ ಬಿಡುವುದು ಸಿಹಿ. ಅವಳು ವ್ರತ ಹಿಡಿದರೆ ಇಡೀ ಮನೆಯೇ ಹಿಡಿದಂತೆ.

ಕೊನೆಗೆ ಗಂಡ ಫಿಂಟನ್ನನ ಕೋಟಿನ ಜೇಬಿಗೂ ಕೈ ಹಾಕಿ ಮಿಠಾಯಿ ಪೊಟ್ಟಣ ತೆಗೆದಳು. ಫಿಂಟನ್ ಇನ್ಸುಲಿನ್ ಚುಚ್ಚಿಕೊಳ್ಳುವವನು. ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಕಣ್ಣು ಕತ್ತಲೆ ಬಂದರೆ ಬಾಯಿಗೆ ಹಾಕಿಕೊಳ್ಳಲೆಂದೇ ಅದನ್ನು ಇಟ್ಟುಕೊಂಡಿದ್ದ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಹಾಲಿದೆ, ಹಣ್ಣಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವಾರ ಕಳೆಯುವಷ್ಟರಲ್ಲಿ ಫಿಂಟನ್ ಕುರಿದೊಡ್ಡಿಯಲ್ಲಿ ತಲೆ ಸುತ್ತಿ ಬಿದ್ದ. ಸೊಂಟ ಮುರಿಯಿತು. ಪಕ್ಕದ ಮನೆಯವನು ನೋಡಿದಾಗ ಅವನ ಕೈ ಖಾಲಿ ಜೇಬಿನೊಳಗೇ ಇತ್ತಂತೆ. ಜೀವ ಉಳಿದದ್ದೇ ಹೆಚ್ಚು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅವನದು ಒಂದೇ ಮಾತು: "ಕಲ್ಲು ಒದ್ದೆಯಾಗಿತ್ತು, ಜಾರಿದೆ."

ಆ ಸುಳ್ಳು ಡೀಲಿಯಾಳನ್ನು ಒಳಗೊಳಗೇ ತಿಂದುಹಾಕಿತು. ಅವನು ಮನೆಗೆ ಬಂದ ಮೇಲೆ ಊರಿನ ಹೆಂಗಸರು, "ಗಂಡನ ಸೇವೆ, ಮೇಲೆ ವ್ರತ ಬೇರೆ. ನೀನು ಸಂತಳೇ ಬಿಡು" ಎಂದು ಹೊಗಳಿದಾಗಲಂತೂ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪ್ರಾರ್ಥನೆಗೆ ಮಂಡಿಯೂರಿದರೆ ಒಂದು ಮಾತೂ ಹೊರಡುತ್ತಿರಲಿಲ್ಲ.

ತಡೆಯಲಾರದೆ ಪಾಪನಿವೇದನೆಗೆ ಹೋದಳು. ಫಾದರ್ ಹೆಶನ್ ಜಾಲರಿಯಾಚೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು.

"ಎಂಥ ಪ್ರಾಯಶ್ಚಿತ್ತ ಆದ್ರೂ ಕೊಡಿ ಫಾದರ್. ಬರೀ ಬ್ರೆಡ್ಡು ನೀರು ಅಂದ್ರೂ ಸರಿ."

"ಅದೆಲ್ಲ ನಿಂಗೆ ಸಲೀಸು ಕಣಮ್ಮ. ಮನೆಗೆ ಹೋಗಿ ಟೀಗೆ ಎರಡು ಚಮಚ ಸಕ್ಕರೆ ಹಾಕ್ಕೋ. ಫಿಂಟನ್ ಎದುರಿಗೆ ಕೂತು ಕುಡಿ. ನಂಗೆ ಹೇಳಿದ್ದನ್ನ ಅವನಿಗೂ ಹೇಳು."

ಪಕ್ಕದ ಮನೆಯಿಂದ ತನ್ನದೇ ಸಕ್ಕರೆಯನ್ನು ಕೇಳಿ ತಂದಳು. ಅವಳು ಅದನ್ನು ಕಪ್ಪಿಗೆ ಹಾಕುವುದನ್ನು ಕಂಡು ಫಿಂಟನ್ ಹುಬ್ಬೇರಿಸಿದ. "ಇವತ್ತು ವ್ರತಕ್ಕೆ ಬಿಡುವಿರೋ ಭಾನುವಾರಾನೂ ಅಲ್ವಲ್ಲ?"

"ನಿನ್ನ ಮಿಠಾಯಿನ ನಾನು ದೇವರಿಗೋಸ್ಕರ ತೆಗೀಲಿಲ್ಲ ಫಿಂಟನ್. ಅದು ಮನೇಲಿದ್ರೆ ನನ್ನ ಕೈ ಸುಮ್ನಿರಲ್ಲ. ವರ್ಷಾ ವರ್ಷಾ ವ್ರತದಲ್ಲೇ ಕದ್ದು ತಿಂತಿದ್ದೆ. ಈ ಸಲವಾದ್ರೂ ಸೋಲಬಾರದು ಅಂತ..."

ಫಿಂಟನ್ ಕಪ್ಪನ್ನು ಅವಳತ್ತ ಸರಿಸಿದ. "ಬಿದ್ದಾಗ ನಿನ್ನ ಮೇಲೆ ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಆದ್ರೆ ನೀನು ಕದೀತಿದ್ದದ್ದು ನಂಗೇನು ಹೊಸ ಸುದ್ದಿನಾ? ತಪಸ್ಸುಕಾಲ ಬಂತು ಅಂದ್ರೆ ಪೊಟ್ಟಣದಲ್ಲಿ ನಿನ್ನ ಪಾಲೂ ಸೇರಿಸಿ ತರ್ತಿದ್ದೆ."

ಸ್ವೆಟರಿನ ಜೇಬಿನಿಂದ ಹೊಸ ಪೊಟ್ಟಣ ತೆಗೆದು, ಒಂದು ಮಿಠಾಯಿಯನ್ನು ಅವಳ ಅಂಗೈಯಲ್ಲಿಟ್ಟ. ಡೀಲಿಯಾ ಅಳುತ್ತಲೇ ಅದನ್ನು ಬಾಯಿಗೆ ಹಾಕಿಕೊಂಡಳು. ಇಷ್ಟು ದಿನ ಬಾರದಿದ್ದ ಪ್ರಾರ್ಥನೆ ಆಗ ಬಂತು, ಮಿಠಾಯಿ ಇನ್ನೂ ಬಾಯಲ್ಲಿರುವಾಗಲೇ.