ಸುರಿದಿಟ್ಟ ನೆನಪು

ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಅವಳು ಬೆರಳಚ್ಚುಗಾರ್ತಿ. ನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಏಳನೇ ತರಗತಿಯ ಗಣಿತ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿದ್ದಳು. ಇನ್ನು ಎರಡೇ ಪುಟ ಬಾಕಿ. ಆ ಬೆಳಿಗ್ಗೆ ಒಂದು ಹಾಳೆ ತೆಗೆದು ನೋಡೋಣವೆಂದು ಅಚ್ಚುಯಂತ್ರಕ್ಕೆ ಕಳಿಸಿದ್ದೇ ತಡ, ಪರದೆ ಪೂರ್ತಿ ನೀಲಿಯಾಗಿ ಕಂಪ್ಯೂಟರು ನಿಂತೇಹೋಯಿತು. ಪರದೆಯ ಮೇಲೆ ಒಂದು ಅಂಕಿ ಮಾತ್ರ ತೆವಳುತ್ತ ತೆವಳುತ್ತ ನೂರಕ್ಕೆ ಏರಿತು. ಆಮೇಲೆ ಕಂಪ್ಯೂಟರು ತಾನಾಗಿಯೇ ಮತ್ತೆ ಶುರುವಾಯಿತು.

ಫೈಲು ತೆರೆದಳು. ಗಾತ್ರ ಮೊದಲಿನಷ್ಟೇ ಇದೆ, ಒಳಗೆ ಒಂದಕ್ಷರವೂ ಇಲ್ಲ, ಬರೀ ಸೊನ್ನೆ. ನಕಲು ಇಡುವ ಡಿಸ್ಕನ್ನು ನೋಡಿದರೆ, ಅದು ಹಾಳಾದ ಫೈಲನ್ನೇ ಬಲು ನಿಷ್ಠೆಯಿಂದ ಹಳೆಯದರ ಮೇಲೆ ಬರೆದು ಕೂತಿತ್ತು.

ಕೂಡಲೇ ಅತ್ತಿಗೆಗೆ ಫೋನು ಮಾಡಿದಳು. ಅತ್ತಿಗೆ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಈ ಯಂತ್ರವನ್ನೂ ಹೋದ ವರ್ಷ ಜೋಡಿಸಿಕೊಟ್ಟವರು ಅವರೇ. ಆಗ ಕ್ರ್ಯಾಶ್ ಡಂಪ್‌ಗೆ, ಅಂದರೆ ಯಂತ್ರ ಕುಸಿದಾಗ ಅದರ ನೆನಪನ್ನು ಸುರಿದಿಡುವ ಫೈಲಿಗೆ, ಬೇಕೆಂದು ಡಿಸ್ಕಿನಲ್ಲಿ ಅಷ್ಟೊಂದು ಜಾಗ ಹಿಡಿದಿಟ್ಟಿದ್ದರು. "ಅತ್ತಿಗೆಯದು ಎಲ್ಲದರಲ್ಲೂ ಅತಿ" ಎಂದು ಇವಳು ಅಣ್ಣನ ಮುಂದೆ ಮೂಗು ಮುರಿದಿದ್ದಳು.

ಅತ್ತಿಗೆ ಊಟದ ಬಿಡುವಿನಲ್ಲಿ ಓಡಿಬಂದರು.

"ನೂರರ ತನಕ ಎಣಿಸ್ತಾ?"

"ಎಣಿಸ್ತು. ಯಾಕೆ ಅತ್ತಿಗೆ?"

"ಹಾಗಾದ್ರೆ ಬದುಕಿದ್ವಿ. ಯಂತ್ರ ಬೀಳೋ ಹೊತ್ತಿಗೆ ಅದರ ನೆನಪಲ್ಲಿ ಏನೇನಿತ್ತೋ ಅಷ್ಟನ್ನೂ ಒಂದು ಕಡೆ ಸುರಿದಿಟ್ಟಿದೆ. ನಿನ್ನ ಪುಸ್ತಕ ಆಗ ತೆರೆದೇ ಇತ್ತಲ್ಲ? ಅದರಲ್ಲಿರೋ ಒಂದು ವಾಕ್ಯ ಹೇಳು, ಬೇರೆಲ್ಲೂ ಇರದಂಥದ್ದು."

ಅವಳು ಯೋಚಿಸಿದಳು. "ಅಜ್ಜಿಯೊಬ್ಬಳು ಐದು ಮೊಮ್ಮಕ್ಕಳಿಗೆ ಹದಿನೇಳು ಕಿತ್ತಳೆ ಹಂಚಬೇಕು."

ಅತ್ತಿಗೆ ಹುಡುಕತೊಡಗಿದರು. ಅರ್ಥವಿಲ್ಲದ ಚಿಹ್ನೆಗಳು ಪರದೆ ತುಂಬ ಹರಿದವು. ಅರ್ಧ ಗಂಟೆಯ ಮೇಲೆ ಅತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟರು: "ಅಜ್ಜಿ ಸಿಕ್ಕಿದ್ಲು ಕಣೇ!"

ಅಜ್ಜಿಯ ಹಿಂದೆಮುಂದೆ ಹನ್ನೊಂದು ಅಧ್ಯಾಯಗಳು ಇಡಿಯಾಗಿ ಸಿಕ್ಕವು. ಹನ್ನೆರಡನೆಯದು ಚೂರುಚೂರಾಗಿತ್ತು. ಅತ್ತಿಗೆ ಆಸ್ಪತ್ರೆಗೆ ಅರ್ಧ ದಿನ ರಜೆ ಹೇಳಿದರು; ಇಬ್ಬರೂ ಸೇರಿ ಸಂಜೆಯವರೆಗೆ ಹೊಂದಿಸಿದರು. ತಪ್ಪಿತಸ್ಥ ಯಾರೆಂಬುದೂ ಆ ಡಂಪಿನಲ್ಲೇ ಇತ್ತು: ಅಚ್ಚುಯಂತ್ರವನ್ನು ನಡೆಸುವ ಹಳೆಯ ತಂತ್ರಾಂಶ. ಅತ್ತಿಗೆ ಅದನ್ನು ಕಿತ್ತುಹಾಕಿ ಹೊಸದನ್ನು ಕೂರಿಸಿದರು.

ಅತ್ತಿಗೆ ಊಟವನ್ನೇ ಮಾಡಿಲ್ಲವೆಂದು ಅವಳಿಗೆ ಹೊಳೆದದ್ದು ಆಗಲೇ. ತನ್ನ ಬುತ್ತಿ ಬಿಚ್ಚಿ ಮುಂದಿಟ್ಟಳು. "ಅತ್ತಿಗೆ, ಹೋದ ವರ್ಷ ನಿಮ್ಮನ್ನ ಆಡಿಕೊಂಡಿದ್ದೆ."

"ಗೊತ್ತು ಬಿಡು. ನಿಮ್ಮಣ್ಣನ ಹೊಟ್ಟೇಲಿ ಮಾತು ನಿಂತದ್ದುಂಟಾ?" ಅತ್ತಿಗೆ ನಗುತ್ತ ಕೈ ತೊಳೆಯಲು ಎದ್ದರು.

ವಾರದ ಮೇಲೆ ಮೊದಲ ಪ್ರತಿ ಬಂತು. ಅವಳು ಅದನ್ನು ಎದೆಗವಚಿಕೊಂಡು ನೇರ ಅಣ್ಣನ ಮನೆಗೆ ಹೋದಳು. ಅತ್ತಿಗೆ ಕಣ್ಣು ಮುಚ್ಚಿ ಮೊದಲ ಪುಟದ ಚುಕ್ಕಿಗಳ ಮೇಲೆ ಬೆರಳಾಡಿಸಿದರು.

"ಏನಂತಿದೆ ಇಲ್ಲಿ?"

"'ಅತ್ತಿಗೆಯ ಉಪಕಾರ' ಅಂತ ಹಾಕಬೇಕು ಅಂತಿದ್ದೆ, ನಮ್ಮ ಮ್ಯಾನೇಜರು ಬಿಡಲಿಲ್ಲ. 'ಅಧ್ಯಾಯ ಒಂದು' ಅಂತಿದೆ."

ಅತ್ತಿಗೆ ಜೋರಾಗಿ ನಕ್ಕರು. ಅವಳು ಅವರ ಬೆರಳು ಹಿಡಿದು, ಒಂದೊಂದೇ ಅಕ್ಷರವನ್ನು ನಿಧಾನವಾಗಿ ಓದಿಸತೊಡಗಿದಳು.